ನಾಳೆ ಮೀಯುವುದು ಇವತ್ತಿನ ನೀರಿನಲ್ಲೇ

ಬಿಸಿನೀರಿನಲ್ಲಿ ಮುಳುಗಿ ಕೂರುವ ದೊಡ್ಡ ತೊಟ್ಟಿ, ಅಂದರೆ ಹಾಟ್ ಟಬ್, ಮನೆಗೆ ಬಂದ ದಿನ ಅಮ್ಮ ಅದಕ್ಕೊಂದು ಸುತ್ತು ಬಂದು, "ಇದ್ರ ನೀರ್ ದಿನಾ ಚೆಲ್ಲುದಾ?" ಎಂದು ಕೇಳಿದರು. ಇಲ್ಲಮ್ಮ, ಮೂರು ತಿಂಗಳಿಗೊಮ್ಮೆ ಎಂದೆ. "ಹಂಗಾರೆ ನಾಳೆ ಮೀವುದ್ ಇವತ್ತಿನ ನೀರಂಗೇ?"

ಮೂರು ವರ್ಷ ಟಬ್ ನೋಡಿಕೊಂಡ ಮೇಲೆ ಹೇಳುತ್ತೇನೆ, ಇದನ್ನು ಮನೆಯಲ್ಲಿ ಇಡುವವರು ಮೊದಲು ಕೇಳಬೇಕಾದ ಪ್ರಶ್ನೆ ಅಮ್ಮನದ್ದೇ. ಬಚ್ಚಲ ಹಂಡೆಯಿಂದ ತೋಡಿ ಮೈಮೇಲೆ ಸುರಿದುಕೊಂಡ ನೀರು ಹಾಗೇ ಹರಿದು ತೆಂಗಿನ ಬುಡ ಸೇರುತ್ತದೆ. ಟಬ್ಬಿನ ನೀರು ಎಲ್ಲಿಗೂ ಹೋಗುವುದಿಲ್ಲ. ನಮ್ಮ ಬೆವರು, ಎಣ್ಣೆ, ಸಾಬೂನು ಎಲ್ಲವನ್ನೂ ಇಟ್ಟುಕೊಂಡು ಬೆಚ್ಚಗೆ ಅಲ್ಲೇ ಇರುತ್ತದೆ.

ನಮ್ಮ ಮನೆ ಉಡುಪಿ ಹತ್ತಿರದ ಬ್ರಹ್ಮಾವರದಿಂದ ಸ್ವಲ್ಪ ಒಳಗೆ. ಬಹರೈನಿನ ಕೆಲಸ ಬಿಟ್ಟು ಊರಿಗೆ ಬಂದಾಗ ಹೆಂಡತಿಯ ಸೊಂಟನೋವಿಗೆ ಒಳ್ಳೆಯದಾದೀತು ಎಂದು ನಾಲ್ಕು ಜನ ಕೂರುವ, 1,100 ಲೀಟರ್ ಹಿಡಿಯುವ ಟಬ್ ತರಿಸಿದೆ. ತಾರಸಿಯ ಮೇಲೆ ಇಡಬೇಕೆಂದು ಮಕ್ಕಳ ಆಸೆ. ಮನೆ ಕಟ್ಟಿಸಿದ ಎಂಜಿನಿಯರ್ ಲೆಕ್ಕ ಹಾಕಿ ತೋರಿಸಿದರು. ನೀರು, ಟಬ್, ನಾಲ್ಕು ಜನ ಸೇರಿದರೆ 1,600 ಕಿಲೋ ದಾಟುತ್ತದೆ. ಅಂದರೆ ಚದರ ಮೀಟರಿಗೆ ಸುಮಾರು 400 ಕಿಲೋ. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಭಾರಕ್ಕೆ ಲೆಕ್ಕ ಹಿಡಿದು ಕಟ್ಟಿರುತ್ತಾರೆ. ಮಾತು ಅಲ್ಲಿಗೇ ಮುಗಿಯಿತು. ಹಿತ್ತಿಲಲ್ಲಿ ಮುರಕಲ್ಲಿನ ಪಂಚಾಂಗ ಹಾಕಿ, ಮೇಲೆ ಕಾಂಕ್ರೀಟ್ ಎರೆದು, ಶೀಟಿನ ಮಾಡು ಕೊಟ್ಟು ಅಲ್ಲಿ ಕೂರಿಸಿದೆವು.

ಮೊದಲ ಪಾಠ ಕಲಿಸಿದ್ದು ಬಾವಿ. ನಮ್ಮ ಬಾವಿಯ ನೀರು ಕುಡಿಯಲು ಸಿಹಿ, ನೋಡಲು ಕನ್ನಡಿ. ಅದನ್ನೇ ಟಬ್ಬಿಗೆ ತುಂಬಿಸಿ ಕ್ಲೋರಿನ್ ಹಾಕಿದೆ. ಅರ್ಧ ಗಂಟೆಯೊಳಗೆ ಇಡೀ ಟಬ್ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತು. ಮುರಕಲ್ಲಿನ ನೆಲದ ನೀರಿನಲ್ಲಿ ಕರಗಿರುವ ಕಬ್ಬಿಣ ಕಣ್ಣಿಗೆ ಕಾಣುವುದಿಲ್ಲ. ಕ್ಲೋರಿನ್ ತಾಗಿದ ಕೂಡಲೇ ತುಕ್ಕಾಗಿ ಹೊರಬರುತ್ತದೆ. ಈಗ ಬಾವಿಯ ನೀರನ್ನು ಮೇಲಿನಿಂದ ಚಿಮ್ಮಿಸಿ ಟ್ಯಾಂಕಿಗೆ ಬೀಳಿಸುತ್ತೇನೆ, ಗಾಳಿ ತಾಗಲಿ ಎಂದು. ಎರಡು ದಿನ ಹಾಗೇ ಬಿಟ್ಟು, ತಳದ ಅರ್ಧ ಅಡಿ ನೀರನ್ನು ಮುಟ್ಟದೆ, ಉಳಿದದ್ದನ್ನು ಫಿಲ್ಟರ್ ಮೂಲಕ ಟಬ್ಬಿಗೆ ಬಿಡುತ್ತೇನೆ. ಪೈಪಿನ ಬಾಯಿಗೆ ಕಟ್ಟಿದ ಬಿಳಿ ಬೈರಾಸು ಟಬ್ ತುಂಬುವಷ್ಟರಲ್ಲಿ ಕಾವಿ ಬಣ್ಣಕ್ಕೆ ಬಂದಿರುತ್ತದೆ. ಉಡುಪಿ ಪೇಟೆಯಲ್ಲಿ ಬಜೆ ಅಣೆಕಟ್ಟಿನಿಂದ ಬರುವ ನಳ್ಳಿ ನೀರು ಇರುವವರಿಗೆ ಈ ಕೆಲಸ ಇಷ್ಟು ಇರಲಿಕ್ಕಿಲ್ಲ.

ಬಣ್ಣ ಕಣ್ಣಿಗೆ ಕಂಡಿತು. ಹುಳಿ ಕಾಣಲಿಲ್ಲ. ಹುಳಿಯನ್ನು ಅಳೆಯುವುದು ಪಿಎಚ್ ಲೆಕ್ಕದಲ್ಲಿ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ನಮ್ಮ ಬಾವಿಯ ನೀರಿನ ಪಿಎಚ್ 5.8. ಟಬ್ಬಿಗೆ ಬೇಕಾದದ್ದು 7.2ರಿಂದ 7.8. ನೀರಿನಲ್ಲಿ ಸುಣ್ಣದ ಅಂಶವೂ ತೀರಾ ಕಡಿಮೆ. ಇಂಥ ಹಸಿದ ನೀರು ಸಿಕ್ಕಿದ ಲೋಹವನ್ನು ತಿನ್ನುತ್ತದೆ. ಮೊದಲ ವರ್ಷ ಇದನ್ನು ನಾನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ಆಟಿಯ ಮಳೆಯಲ್ಲಿ ಟಬ್ಬಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್, ಟ್ರಿಪ್ ಆಗಲು ಶುರುವಾಯಿತು. ಎತ್ತಿದರೆ ಹತ್ತು ನಿಮಿಷ ನಿಂತು ಮತ್ತೆ ಬೀಳುತ್ತದೆ. ಬಂದ ಎಲೆಕ್ಟ್ರಿಷಿಯನ್ ಥಂಡಿಗೆ ಹಾಗಾಗುವುದು ಎಂದು, "ಇದನ್ನು ತೆಗೆದು ಮಾಮೂಲಿ ಎಂಸಿಬಿ ಹಾಕುವ ಸಾರ್, ಮತ್ತೆ ಬೀಳುದಿಲ್ಲ" ಎಂದ. ನಾನು ಒಪ್ಪಲಿಲ್ಲ. 30 ಮಿಲಿ ಆಂಪಿಯರ್ ಸೋರಿದರೆ ಸಾಕು, ಕರೆಂಟು ಕಡಿಯಬೇಕು. ಆ ಪೆಟ್ಟಿಗೆ ಇರುವುದೇ ಅದಕ್ಕೆ. ಲೋಡ್ ಹೆಚ್ಚಾದರೆ, ಶಾರ್ಟ್ ಆದರೆ ಮಾತ್ರ ಬೀಳುವ ಎಂಸಿಬಿಗೆ ಆ ಸೋರಿಕೆ ಗೊತ್ತೇ ಆಗುವುದಿಲ್ಲ. ಅಷ್ಟು ಕರೆಂಟು ನೀರಿನಲ್ಲಿ ಕೂತವರ ಎದೆಯ ಮೂಲಕ ಹಾದುಹೋದರೆ ಜೀವಕ್ಕೇ ಅಪಾಯ.

ಇನ್ನೊಬ್ಬರನ್ನು ಕರೆಸಿ ಹೀಟರ್ ಬಿಚ್ಚಿಸಿದೆ. ಕಾಯಿಲಿನ ಮೇಲಿನ ಸ್ಟೀಲು ಗೆದ್ದಲು ತಿಂದ ಬಿದಿರಿನ ಹಾಗೆ ಸಣ್ಣ ಸಣ್ಣ ಗುಳಿ ಬಿದ್ದಿತ್ತು. ಒಂದು ಗುಳಿಯಲ್ಲಿ ಸೂಜಿಮೊನೆಯಷ್ಟು ತೂತು. ಒಳಗೆ ನೀರು ಇಳಿದು ಕರೆಂಟು ಸೋರುತ್ತಿತ್ತು. ಮಳೆಗೂ ಅದಕ್ಕೂ ಸಂಬಂಧ ಇರಲಿಲ್ಲ. ನಮ್ಮ ಬಾವಿಯ ಹುಳಿ ನೀರು ಒಂದು ವರ್ಷದಲ್ಲಿ ಹೀಟರನ್ನು ತಿಂದಿತ್ತು, ಆರ್‌ಸಿಸಿಬಿ ಅದನ್ನು ನಮಗೆ ಕೂಗಿ ಹೇಳುತ್ತಿತ್ತು. ಅವತ್ತು ಅದನ್ನು ತೆಗೆಸಿದ್ದರೆ ಏನಾಗುತ್ತಿತ್ತು ಎಂದು ಈಗಲೂ ರಾತ್ರಿ ಒಮ್ಮೊಮ್ಮೆ ನೆನಪಾಗುತ್ತದೆ.

ಅಂದಿನಿಂದ ಹೊಸ ನೀರು ತುಂಬಿದ ಕೂಡಲೇ ಹೀಟರ್ ಹಾಕುವ ಮೊದಲೇ ಅಡುಗೆ ಸೋಡಾ ಬೀಳುತ್ತದೆ, ಸುಮಾರು 150 ಗ್ರಾಂ. ಅದರಿಂದ ಕ್ಷಾರೀಯತೆ, ಅಂದರೆ ಹುಳಿಯನ್ನು ತಡೆದುಕೊಳ್ಳುವ ಶಕ್ತಿ, 20ರಿಂದ 100 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಹತ್ತಿರ ಬರುತ್ತದೆ. ಆಮೇಲೆ ನೀರು, ಗಾಳಿ ಚಿಮ್ಮಿಸುವ ಜೆಟ್ ಹಾಕಿ ಒಂದೆರಡು ಗಂಟೆ ಗಾಳಿಯಾಡಿಸಿದರೆ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ತಾನಾಗಿಯೇ ಏರುತ್ತದೆ. ಸುಣ್ಣದ ಅಂಶಕ್ಕೆ ಕ್ಯಾಲ್ಸಿಯಂ ಕ್ಲೋರೈಡ್, 150 ಪಿಪಿಎಂ ಬರುವಷ್ಟು. ಸೋಡಾ ಹಾಕಿದ ದಿನ ಅಲ್ಲ, ಮರುದಿನ. ಎರಡನ್ನೂ ಒಟ್ಟಿಗೆ ಸುರಿದರೆ ನೀರು ಬೆಳ್ಳಗೆ ಕದಡುತ್ತದೆ.

ಕರೆಂಟಿನ ಉಳಿದ ಸಂಗತಿ ಚುಟುಕಾಗಿ ಹೇಳುತ್ತೇನೆ. ಟಬ್ಬಿಗೆ ಮೇನ್ ಬೋರ್ಡಿನಿಂದಲೇ ಬೇರೆ ಲೈನ್, ಬೇರೆ ಅರ್ತಿಂಗ್. ಬೇಸಿಗೆಯಲ್ಲಿ ಮುರಕಲ್ಲಿನ ನೆಲ ಒಣಗಿದರೆ ಅರ್ತಿಂಗ್ ಸೋಲುತ್ತದೆ, ಹಾಗಾಗಿ ಫೆಬ್ರವರಿಯಿಂದ ಅರ್ತ್ ಗುಂಡಿಗೆ ವಾರಕ್ಕೊಮ್ಮೆ ನೀರು. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತುತ್ತೇನೆ. ಗುಡುಗು ದೂರದಲ್ಲಿ ಕೇಳಿದರೂ ಟಬ್ಬಿನಲ್ಲಿ ಯಾರೂ ಇರಬಾರದು, ಮೇನ್ ಆಫ್.

ಬಿಸಿ ಎಷ್ಟು ಇರಬೇಕು? 40 ಡಿಗ್ರಿ ಮೇಲಿನ ಮಿತಿ. ನಾವು ಮಳೆಗಾಲದಲ್ಲಿ 38 ಇಡುತ್ತೇವೆ, ಏಪ್ರಿಲ್ ಮೇ ತಿಂಗಳಲ್ಲಿ 34 ದಾಟಿಸುವುದಿಲ್ಲ. ನೀರಿನಲ್ಲಿ ಮುಳುಗಿದ ಮೈ ಬೆವರಿ ತಣಿಯಲಾರದು. ಎದ್ದು ಹೊರಬಂದರೂ ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ. ಬಿಸಿನೀರಿಗೆ ರಕ್ತನಾಳ ಹಿಗ್ಗಿ ಒತ್ತಡ ಇಳಿಯುತ್ತದೆ. ಬಿಪಿ ಮಾತ್ರೆ ತಿನ್ನುವ ಅಮ್ಮನಂಥವರಿಗೆ ಇನ್ನೂ ಇಳಿಯುತ್ತದೆ. ಡಾಕ್ಟರರನ್ನು ಕೇಳಿಯೇ ಅವರನ್ನು ಇಳಿಸಿದ್ದು. 36 ಡಿಗ್ರಿ, ಹತ್ತು ನಿಮಿಷ, ಪಕ್ಕದಲ್ಲಿ ನಾನೋ ಹೆಂಡತಿಯೋ. ಏಳುವಾಗ ಮೊದಲು ಅಂಚಿನಲ್ಲಿ ಎರಡು ನಿಮಿಷ ಕೂತು, ಆಮೇಲೆ ಕಾಲು ಹೊರಗೆ. ಬಸುರಿಯಾಗಿದ್ದ ನನ್ನ ಸೊಸೆಯನ್ನು ಇಳಿಯಲು ಬಿಡಲಿಲ್ಲ, ಐದು ವರ್ಷದೊಳಗಿನ ಮಕ್ಕಳನ್ನೂ ಬಿಡುವುದಿಲ್ಲ. ಕುಡಿದವರಿಗೆ ಅವರು ಎಷ್ಟೇ ಹತ್ತಿರದ ನೆಂಟರಾದರೂ ಅಲ್ಲಿ ಜಾಗ ಇಲ್ಲ.

ಉದ್ದ ಜಡೆಯವರು ತುರುಬು ಕಟ್ಟಿಯೇ ಇಳಿಯಬೇಕು. ತಳದಲ್ಲಿ ನೀರೆಳೆಯುವ ತೂತಿನ ಜಾಲರಿ ಒಡೆದಿದ್ದರೆ ಕೂದಲನ್ನೂ ಮೈಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅಮೆರಿಕದಲ್ಲಿ 2002ರಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಹುಡುಗಿ ಹಾಟ್ ಟಬ್ಬಿನ ತಳದ ಸೆಳೆತಕ್ಕೆ ಸಿಕ್ಕಿ ತೀರಿಹೋದಳು. 2007ರಲ್ಲಿ ಅವಳ ಹೆಸರಿನಲ್ಲೇ ಅಲ್ಲಿ ಕಾನೂನು ಬಂತು. ಅದನ್ನು ಓದಿದ ದಿನವೇ ನಾನು ಟಬ್ಬಿನಿಂದ ಕೈಚಾಚಿದರೆ ಸಿಗುವ ಹಾಗೆ ಪಂಪ್ ನಿಲ್ಲಿಸುವ ಗುಂಡಿ ಹಾಕಿಸಿದೆ. ಮುಚ್ಚಳಕ್ಕೆ ಬೀಗ ಮೊದಲೇ ಇತ್ತು. ಬಾವಿಗೆ ಕಟ್ಟೆ ಇದ್ದ ಹಾಗೆ ಅದು.

ಇಷ್ಟೆಲ್ಲ ಮಾಡಿಯೂ ಎರಡನೇ ವರ್ಷದ ದೀಪಾವಳಿಗೆ ಪೆಟ್ಟು ತಿಂದೆವು. ನೀರು ತುಂಬುವ ಹಬ್ಬದ ಮರುದಿನ ಬೆಳಿಗ್ಗೆ ಎಣ್ಣೆ ಸ್ನಾನ. ಮಂಗಳೂರಿನಿಂದ ಅಕ್ಕ, ಭಾವ, ಮಕ್ಕಳು ಬಂದಿದ್ದರು. ಮೈಗೆಲ್ಲ ತೆಂಗಿನೆಣ್ಣೆ ಹಚ್ಚಿಕೊಂಡವರು ಹಂಡೆಯ ನೀರಿನಲ್ಲಿ ಎರಡು ತಂಬಿಗೆ ಸುರಿದುಕೊಂಡು ನೇರ ಟಬ್ಬಿಗೆ. ಬೆಳಿಗ್ಗೆಯಿಂದ ಸಂಜೆವರೆಗೆ ಸರದಿಯಲ್ಲಿ ಒಂಬತ್ತು ಜನ. ನಾನು ಹಬ್ಬದ ಗಡಿಬಿಡಿಯಲ್ಲಿ ಬೆಳಿಗ್ಗೆ ಒಮ್ಮೆ ಕ್ಲೋರಿನ್ ಹಾಕಿದ್ದು ಬಿಟ್ಟರೆ ನೋಡಲೇ ಇಲ್ಲ. ಮಾರನೆಯ ದಿನವೂ ಮಕ್ಕಳು ಇಳಿದರು. ಮೂರನೆಯ ದಿನ ಅಕ್ಕನ ಫೋನು: "ಮಕ್ಕಳ ಹೊಟ್ಟೆ, ತೊಡೆ ಮೇಲೆಲ್ಲ ಕೆಂಪು ಗುಳ್ಳೆ ಎದ್ದಿದೆ ಮಾರಾಯ, ನಿನಗೂ ಉಂಟಾ?" ಅಂಗಿ ಎತ್ತಿ ನೋಡಿದರೆ ನನಗೂ ಇತ್ತು. ಬಟ್ಟೆ ಬಿಗಿಯಾಗಿ ಅಂಟಿದ್ದ ಕಡೆ ಹೆಚ್ಚು. ಪ್ರತಿ ಗುಳ್ಳೆಯ ನಡುವೆ ಒಂದು ರೋಮ, ತುದಿಯಲ್ಲಿ ಚೂರು ಕೀವು.

ಚರ್ಮದ ಡಾಕ್ಟರರು ನೋಡಿದ ಕೂಡಲೇ ಕೇಳಿದ್ದು ಟಬ್ ಉಂಟಾ ಎಂದು. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ರೋಮದ ಬುಡಕ್ಕೆ ಇಳಿದು ಆಗುವ ಸೋಂಕು. ವಾರದಲ್ಲಿ ತಾನಾಗಿ ಮಾಗಿತು. ಆದರೆ ಅವರು ಇನ್ನೊಂದು ಮಾತು ಹೇಳಿದರು. ಅಂಥ ನೀರಿನಲ್ಲೇ ಲೀಜಿಯೊನೆಲ್ಲಾ ಕೂಡ ಬೆಳೆಯುತ್ತದೆ, ಜೆಟ್ ಎಬ್ಬಿಸುವ ಹಬೆಯ ಜೊತೆ ಅದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ, ವಯಸ್ಸಾದವರಿಗೆ ಕಷ್ಟ. ಪಕ್ಕದಲ್ಲಿ ಅಮ್ಮ ಕೂತಿದ್ದರು. ನನಗೆ ಕೈಕಾಲು ತಣ್ಣಗಾಯಿತು.

ಮನೆಗೆ ಬಂದು ನೀರು ಪರೀಕ್ಷಿಸಿದೆ. ಕ್ಲೋರಿನ್ ಸೊನ್ನೆ. ಇರಬೇಕಾದದ್ದು 3ರಿಂದ 5 ಪಿಪಿಎಂ. ಎಣ್ಣೆ, ಬೆವರು ಇದ್ದಬದ್ದ ಕ್ಲೋರಿನ್ ಎಲ್ಲವನ್ನೂ ತಿಂದು ಮುಗಿಸಿದ್ದವು. ಪೈಪ್ ತೊಳೆಯುವ ದ್ರಾವಣ ಹಾಕಿ ಜೆಟ್ ಓಡಿಸಿದಾಗ ಅಕ್ಕಿ ತೊಳೆದ ನೀರಿನ ಬಣ್ಣದ ನೊರೆ ಎದ್ದಿತು. ನೊರೆಯ ಮೇಲೆ ಹಾಲಿನ ಕೆನೆ ಹರಿದ ಹಾಗೆ ಬೂದು ಚೂರುಗಳು. ಬೆರಳಲ್ಲಿ ಹಿಡಿದರೆ ಲೋಳೆ. ಪೈಪಿನ ಒಳಗೆ ಕಟ್ಟಿದ್ದ ಆ ಪದರದ ಕೆಳಗೆ ಕ್ಲೋರಿನ್ ತಲುಪುವುದಿಲ್ಲ, ಬ್ಯಾಕ್ಟೀರಿಯಾ ಅಲ್ಲೇ ಅಡಗಿರುತ್ತದೆ. ಎರಡು ಸಲ ತೊಳೆದು, ನೀರು ಚೆಲ್ಲಿ, ಎಣ್ಣೆ ಹಿಡಿದ ಫಿಲ್ಟರನ್ನು ಎಸೆದು ಹೊಸತು ಹಾಕಿದೆ.

ಆ ಮೇಲೆ ಒಂದು ವಿಷಯ ಮನಸ್ಸಿಗೆ ಬಂತು. ಚಳಿದೇಶದಲ್ಲಿ ಟಬ್ ಆಫ್ ಮಾಡಿದರೆ ನೀರು ತಣ್ಣಗಾಗುತ್ತದೆ. ನಮ್ಮಲ್ಲಿ ಆಫ್ ಮಾಡಿದರೂ 28, 30 ಡಿಗ್ರಿ. ಲೀಜಿಯೊನೆಲ್ಲಾ ಬೆಳೆಯುವುದು 25ರಿಂದ 45 ಡಿಗ್ರಿಯೊಳಗೆ. ಅಂದರೆ ಈ ಊರಿನಲ್ಲಿ ಟಬ್ಬಿಗೆ ರಜೆ ಎಂಬುದೇ ಇಲ್ಲ. ಉಪಯೋಗಿಸದ ದಿನವೂ ಪಂಪ್ ಓಡಬೇಕು, ಕ್ಲೋರಿನ್ ಇರಬೇಕು. ವಾರಗಟ್ಟಲೆ ಊರು ಬಿಡುವುದಾದರೆ ನೀರು ಪೂರ್ತಿ ಚೆಲ್ಲಿ ಒಣಗಿಸಿ ಹೋಗುತ್ತೇನೆ, ಮರಳಿ ಬಂದು ಪೈಪ್ ತೊಳೆದೇ ತುಂಬುತ್ತೇನೆ.

ಕ್ಲೋರಿನ್ ಯಾವುದು ಎಂದು ಕೇಳುವವರಿದ್ದಾರೆ. ಈಜುಕೊಳಕ್ಕೆ ಹಾಕುವ ಗುಳಿಗೆ ಬೇಡ. ಅದು ತುಂಬಾ ಹುಳಿ, ನಮ್ಮ ನೀರು ಮೊದಲೇ ಹುಳಿ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರೂ ಬೇಡ. ಸುಣ್ಣದ ಗಸಿ ಜೆಟ್ಟಿಗೆ ಕಟ್ಟುತ್ತದೆ. ಇವೆರಡು ಒಂದಕ್ಕೊಂದು ತಾಗಿದರೆ ಬೆಂಕಿಯೇ ಹತ್ತಬಹುದು, ಒಂದೇ ಕಪಾಟಿನಲ್ಲೂ ಇಡಬೇಡಿ. ನಾನು ಬಳಸುವುದು ದ್ರವ ಸೋಡಿಯಂ ಹೈಪೋಕ್ಲೋರೈಟ್. 10 ಶೇಕಡಾದ್ದಾದರೆ 1,100 ಲೀಟರಿಗೆ 11 ಮಿಲಿ ಹಾಕಿದಾಗ 1 ಪಿಪಿಎಂ ಏರುತ್ತದೆ. ಸೆಕೆಗೆ ಅದರ ಶಕ್ತಿ ಬೇಗ ಇಳಿಯುವುದರಿಂದ ಸಣ್ಣ ಕ್ಯಾನ್ ಮಾತ್ರ ತರುತ್ತೇನೆ, ಲೆಕ್ಕಕ್ಕಿಂತ ಪರೀಕ್ಷೆಯನ್ನೇ ನಂಬುತ್ತೇನೆ. ಅದಕ್ಕೆ ಆಸಿಡ್ ತಾಗಬಾರದು, ವಿಷದ ಗಾಳಿ ಏಳುತ್ತದೆ. ನೀರಿಗೆ ಅದ್ದಿ ಬಣ್ಣ ನೋಡುವ ಪರೀಕ್ಷೆಯ ಪಟ್ಟಿಗಳ ಡಬ್ಬಿಗೆ ಒದ್ದೆ ಕೈ ಹಾಕಿದರೆ ಮಳೆಗಾಲದಲ್ಲಿ ಅವು ವಾರದಲ್ಲಿ ಕೆಡುತ್ತವೆ. ಕೆಟ್ಟ ಪಟ್ಟಿ ಸುಳ್ಳು ಬಣ್ಣ ತೋರಿಸುತ್ತದೆ. ಫಿಲ್ಟರ್ ವಾರಕ್ಕೊಮ್ಮೆ ತೊಳೆತ. ಚೆಲ್ಲುವ ನೀರನ್ನು ಮುಚ್ಚಳ ತೆರೆದು ಎರಡು ದಿನ ಬಿಟ್ಟು, ಕ್ಲೋರಿನ್ ಸೊನ್ನೆಯಾದ ಮೇಲೆ, ಬಾವಿಯಿಂದ ದೂರದ ತೆಂಗಿನ ಬುಡಕ್ಕೆ.

ಕಳೆದ ದೀಪಾವಳಿಗೂ ಅಕ್ಕನ ಮನೆಯವರು ಬಂದರು. ಎಣ್ಣೆ ಹಚ್ಚಿಕೊಂಡವರೆಲ್ಲ ಮೊದಲು ಬಚ್ಚಲಿಗೆ. ಬಾಗಿಲಲ್ಲಿ ಅಮ್ಮ ಸೀಗೆಪುಡಿಯ ಬಟ್ಟಲು ಹಿಡಿದು ಕೂತಿದ್ದರು. "ಕೈ ತೋರ್ಸ್, ಕಾಂಬ" ಎಂದು ಒಬ್ಬೊಬ್ಬರ ತೋಳು ಉಜ್ಜಿ ನೋಡಿ, ಜಿಡ್ಡು ಇದ್ದವರನ್ನು ವಾಪಸ್ ಕಳಿಸಿದರು. ಭಾವನನ್ನು ಎರಡು ಸಲ. ನಾಲ್ಕು ಜನ ಇಳಿದು ಎದ್ದ ಮೇಲೆ ಅಳೆದೆ, ಬೆಳಿಗ್ಗೆ 4 ಇದ್ದ ಕ್ಲೋರಿನ್ 1.5ಕ್ಕೆ ಇಳಿದಿತ್ತು. 30 ಮಿಲಿ ಹಾಕಿ, ಜೆಟ್ ಓಡಿಸಿ, ಮತ್ತೆ 4 ಹತ್ತಿರ ಬರುವವರೆಗೆ ಮುಚ್ಚಳಕ್ಕೆ ಬೀಗ ಹಾಕಿದೆ. ಮಕ್ಕಳು ಅಷ್ಟು ಹೊತ್ತು ಬೆಲ್ಲ ಹಾಕಿದ ಅವಲಕ್ಕಿ ತಿನ್ನುತ್ತಾ ಜಗಲಿಯಲ್ಲಿ ಕಾದರು.