ಸಾಲ ಬೇಡ, ಕಟ್ಟು ಬಿಚ್ಚು

ಶ್ರೀನಿವಾಸಪುರದ ಕಡೆ ಒಂದು ಹಳ್ಳಿ ಶಾಲೆಯಲ್ಲಿ ನಾನು ನಲಿಕಲಿ ಟೀಚರ್. ಒಂದರಿಂದ ಮೂರನೇ ತರಗತಿವರೆಗೆ ಮಕ್ಕಳು ನನ್ನ ಹತ್ತಿರವೇ ಇರುತ್ತಾರೆ. ಕೂಡೋ ಲೆಕ್ಕ ಬೇಗ ಬಂತು. 58ರಲ್ಲಿ 23 ಕಳೆಯೋದೂ ಬಂತು. 52ರಲ್ಲಿ 27 ಕಳೆಯಿರಿ ಅಂದರೆ ಮಾತ್ರ ಅರ್ಧ ಮಕ್ಕಳು 35 ಅಂತ ಬರೆಯುತ್ತಿದ್ದರು. 2ರಲ್ಲಿ 7 ಹೋಗಲ್ಲ, ಅದಕ್ಕೆ 7ರಲ್ಲೇ 2 ಕಳೆದುಬಿಡುತ್ತಿದ್ದರು. 'ದೊಡ್ಡದರಲ್ಲಿ ಚಿಕ್ಕದು ಕಳೀಬೇಕು' ಅಂತ ಮೊದಲ ವರ್ಷ ನಾನೇ ಹೇಳಿಕೊಟ್ಟಿದ್ದೆ. ಮಕ್ಕಳು ಅದನ್ನೇ ಮಾಡಿದರು.

ನಾನು ಕಲಿತ ಹಾಗೇ 'ಪಕ್ಕದ ಮನೆಯಿಂದ ಒಂದು ಸಾಲ ತಗೋ' ಎನ್ನುತ್ತಿದ್ದೆ. ಒಂದು ದಿನ ಒಬ್ಬ ಹುಡುಗಿ ಕೇಳಿದಳು: "ಮಿಸ್, ಒಂದು ತಂದ್ರೆ 3 ಆಗ್ಬೇಕಲ್ವಾ? 12 ಹೆಂಗಾಯ್ತು? ವಾಪಸ್ ಯಾವಾಗ ಕೊಡೋದು?"

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಇಲ್ಲಿ ಯಾರೂ ಏನನ್ನೂ ವಾಪಸ್ ಕೊಡುವುದಿಲ್ಲ.

ಮಾರನೇ ದಿನ ಪೊರಕೆ ಕಡ್ಡಿಗಳನ್ನು ತುಂಡು ಮಾಡಿ, ಹತ್ತತ್ತಕ್ಕೆ ಒಂದು ರಬ್ಬರ್ ಬ್ಯಾಂಡ್ ಹಾಕಿ ತಂದೆ. 5 ಕಟ್ಟು, 2 ಬಿಡಿ ಕಡ್ಡಿ ಅವಳ ಮುಂದಿಟ್ಟು, "ನಂಗೆ 27 ಕೊಡು" ಅಂದೆ. ಎರಡು ಕಟ್ಟು ಕೊಟ್ಟಳು, ಎರಡು ಬಿಡಿ ಕೊಟ್ಟಳು, ನಿಂತಳು. ನಾನು ಬಾಯಿ ಬಿಡಲಿಲ್ಲ. ಸುಮ್ನೆ ಕಾಯೋದು ಕಷ್ಟ, ಆದರೆ ಕಾದೆ. ಸ್ವಲ್ಪ ಹೊತ್ತಿಗೆ ತಾನೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಎಳೆದಳು. "ಬಿಚ್ಚಿದೆ ಮಿಸ್!"

ಅವತ್ತಿಂದ ಸಾಲದ ಮಾತು ಬಿಟ್ಟೆವು. ಇಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಜಾಸ್ತಿ. ಅವರು 'ವಿಪ್ಪು' ಅಂದುಕೊಂಡೇ ಲೆಕ್ಕ ಮಾಡುತ್ತಾರೆ, ನಾನು ತಿದ್ದುವುದಿಲ್ಲ. ಬಿಚ್ಚಿದ ಮೇಲೆ ಮತ್ತೆ ಎಣಿಸಲು ಹೇಳುತ್ತೇನೆ. 4 ಕಟ್ಟು, 12 ಬಿಡಿ ಸೇರಿದರೂ 52ನೇ. ಈ ಎಣಿಕೆಯನ್ನು ಮಾತ್ರ ಬಿಡಬೇಡಿ. ಎರಡು ವಾರ ಬರೀ ಕಡ್ಡಿ. ಆಮೇಲೆ ಸ್ಲೇಟು: 5 ಹೊಡೆದು 4, 2 ಹೊಡೆದು 12.

302ರಲ್ಲಿ 145 ಬಂದಾಗ ಮತ್ತೆ ಸಿಕ್ಕಿಕೊಂಡರು. "ಹತ್ತರ ಮನೇಲಿ ಏನೂ ಇಲ್ಲ ಮಿಸ್." ಅದಕ್ಕೆ ಆಟದ ನೋಟು ಕೊಟ್ಟೆ. ನೂರರ ನೋಟಿಗೆ ಚಿಲ್ಲರೆ ತಂದರೆ ಹತ್ತರ ನೋಟು ಹತ್ತು. ಅದರಲ್ಲಿ ಒಂದನ್ನು ಮುರಿಸಿದರೆ ರೂಪಾಯಿ ಹತ್ತು. ಈಗ ಕೈಯಲ್ಲಿ 2 ನೂರು, 9 ಹತ್ತು, 12 ಬಿಡಿ. ಸೊನ್ನೆ ಇದ್ದ ಕಡೆ 9 ಹೇಗೆ ಬಂತು ಅನ್ನೋದು ಕಣ್ಣಿಗೇ ಕಂಡಿತು. ಉತ್ತರ 157. ಅದಕ್ಕೆ 145 ಕೂಡಿ, 302 ಬಂತು ಅಂತ ಅವರೇ ಕೂಗಿದರು.

ನಾಲ್ಕು ಮಕ್ಕಳು ಇನ್ನೂ ಕಡ್ಡಿ ಇಟ್ಟುಕೊಂಡೇ ಕಳೆಯುತ್ತಾರೆ. ಆ ಡಬ್ಬ ಅವರ ಪಕ್ಕದಲ್ಲೇ ಇದೆ.