ಮೊದಲು ವುಳೂ ಕಟ್ಟೆ, ಆಮೇಲೆ ಕಮಾನು

ಕೊಡಗಿನ ಎಮ್ಮೆಮಾಡು ಮಖಾಂಗೆ, ಅಂದರೆ ದರ್ಗಾಕ್ಕೆ, ಝಿಯಾರತ್‌ಗೆ (ದರ್ಶನಕ್ಕೆ) ಬರುವವರು ನಾಪೋಕ್ಲು ಕಡೆಯ ನಮ್ಮ ಹಂಚಿನ ಮಾಡಿನ ಮಸೀದಿಯಲ್ಲೂ ಇಳಿಯಲಿ ಎಂದು ಊರ ಮುಸ್ಲಿಮರ ಜಮಾಅತ್‌ನಲ್ಲಿ ತೀರ್ಮಾನವಾದಾಗ ಮೊದಲು ಬಂದದ್ದು ಸ್ವಾಗತ ಕಮಾನಿನ ಮಾತು. ಅದನ್ನು ಬದಿಗಿಟ್ಟು ವುಳೂ, ಅಂದರೆ ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆಯುವ ಕೊಳಾಯಿ ಎಣಿಸಿದೆವು. ಆರು. ಬಸ್ಸಿಗೆ 45 ಜನ, ಒಬ್ಬರಿಗೆ ಎರಡೂವರೆ ನಿಮಿಷ ಅಂದರೂ ಎಲ್ಲರದೂ ಮುಗಿಯಲು 20 ನಿಮಿಷ. ಕೊಳಾಯಿ ಬಿಟ್ಟುಕೊಂಡೇ ನಿಂತರೆ ತಲೆಗೆ ಹತ್ತು ಲೀಟರ್ ಹೋಗುತ್ತದೆ, 500 ಲೀಟರಿನ ಟ್ಯಾಂಕು ಒಂದೇ ಬಸ್ಸಿಗೆ ಬರಿದು. ಪ್ರವಾದಿಯವರ ವುಳೂಗೆ ಒಂದು ಮುದ್ದ್, ಅಂದರೆ ಮುಕ್ಕಾಲು ಲೀಟರಿನಷ್ಟು ನೀರು ಸಾಕಾಗುತ್ತಿತ್ತು ಎಂದು ಹದೀಸ್‌ನಲ್ಲೇ ಇದೆ. ಹಳೆಯ ಕಾಲದಂತೆ ಒಂದು ಲೀಟರ್ ಹಿಡಿಯುವ ಕಿಂಡಿಗಳನ್ನು (ಮೂತಿಯಿರುವ ಚೊಂಬು) ಇಟ್ಟೆವು, ಸಾಲೂ ಕರಗಿತು. ಕಟ್ಟೆಗೆ ಹಾಕಿಸಿದ್ದ ನುಣುಪು ಟೈಲ್ಸ್ ಮಾತ್ರ ತಪ್ಪು. ಮಳೆಗಾಲದಲ್ಲಿ ಪಾಚಿ ಕಟ್ಟಿ ಕಾಲು ಜಾರುತ್ತದೆ. ಕಿತ್ತು ಒರಟು ಚಪ್ಪಡಿ ಹಾಸಿದೆವು.

ಚಡ್ಡಿ ತೊಟ್ಟು ಬರುವವರಿಗೆ ಪಂಚೆ, ಹೆಂಗಸರಿಗೆ ಶಾಲು. ಬಸ್ಸಿಗೆ ಇಪ್ಪತ್ತು ಸಾಕು, ಆದರೆ ನಮ್ಮಲ್ಲಿ ಒಗೆದ ಬಟ್ಟೆ ಒಣಗುವುದು ಯಾವಾಗ? ಎರಡು ಜೊತೆ ಇರಲೇಬೇಕು.

ಊಟದ್ದೇ ದೊಡ್ಡ ತಲೆನೋವು. ಕೊಡಗಿನ ಹೋಂಸ್ಟೇ ಅಂದರೆ ಪಂದಿಕರಿ (ಹಂದಿ ಸಾರು), ಮನೆಯ ವೈನು. ‘ನಾವು ಹಂದಿ ಮಾಡಿಲ್ಲ’ ಅಂದರೆ ಸಾಲದು. ಪಾತ್ರೆ, ಸೌಟು, ಮಣೆ ಬೇರೆಯೇ ಬೇಕು. ಪಾತ್ರೆ ಬೇರೆ ಇಡಲಾಗದ ಮನೆಗೆ ನಾವು ಜನ ಕಳಿಸುವುದಿಲ್ಲ. ಅಡುಗೆಗೆ ಹಾಕುವ ಕಾಚಂಪುಳಿಯ ಕಪ್ಪು ಬಣ್ಣ ನೋಡಿ ‘ಇದರಲ್ಲಿ ಮದ್ಯ ಇದೆಯಾ’ ಎಂದು ಕೇಳುವವರಿದ್ದಾರೆ. ಹಣ್ಣಿನಿಂದ ತೊಟ್ಟಿಕ್ಕಿದ ರಸವನ್ನು ಕಾಸಿ ಇಳಿಸಿದ ಹುಳಿ ಅದು ಎಂದು ಬಡಿಸುವ ಮೊದಲೇ ಹೇಳಿಬಿಡಬೇಕು. ತಟ್ಟೆ ಮುಂದೆ ಕೂತ ಮೇಲೆ ಯಾರೂ ನಂಬುವುದಿಲ್ಲ.

ಮಸೀದಿಯಲ್ಲಿ ಗೈಡ್ ಕೊಡುವ ವಿವರಣೆ ಹದಿನೈದು ನಿಮಿಷ ಮೀರಬಾರದು. ಬೆಳಿಗ್ಗೆ ಮಡಿಕೇರಿಯಲ್ಲಿ 1820ರ ಓಂಕಾರೇಶ್ವರ ದೇವಸ್ಥಾನದ ಗುಮ್ಮಟವನ್ನೋ, ರಾಜರ ಗದ್ದಿಗೆಯ ಗುಮ್ಮಟದ ಜೊತೆಗಿರುವ ನಂದಿಯನ್ನೋ ನೋಡಿ ಬಂದವರಿಗೆ ಕೊಡಗಿನ ಹಿಂದೂ-ಮುಸ್ಲಿಂ ಬೆರಕೆ ಬಿಡಿಸಿ ಹೇಳಬೇಕಿಲ್ಲ. ಕೊಡವ ಮನೆಹೆಸರನ್ನು ಉಳಿಸಿಕೊಂಡ ಮುಸ್ಲಿಮರಾದ ಜಮ್ಮಾ ಮಾಪಿಳ್ಳೆಗಳ ಬಗ್ಗೆ, ಎಮ್ಮೆಮಾಡಿಗೆ ಹಿಂದೂಗಳೂ ಹರಕೆ ಹೊರುವ ಬಗ್ಗೆ ಹೇಳಿದರೆ ಪ್ರಶ್ನೆ ತಾವಾಗಿ ಬರುತ್ತವೆ. ಕರಾಮತ್ತಿನ (ಪವಾಡದ) ಕಥೆಗೆ ಮಾತ್ರ ‘ಹಿರಿಯರು ಹೇಳುವಂತೆ’ ಎಂಬ ಮಾತು ತಪ್ಪಬಾರದು. ಹರಕೆ ಹಣ ನೇರ ಹುಂಡಿಗೆ. ಗೈಡ್ ಕೈಗೆ ಒಮ್ಮೆ ಹೋಯಿತೆಂದರೆ ಜಮಾಅತ್‌ನಲ್ಲಿ ಜಗಳ ಗ್ಯಾರಂಟಿ.

ಶುಕ್ರವಾರ ಹನ್ನೆರಡರಿಂದ ಎರಡರವರೆಗೆ ಪ್ರವಾಸಿ ಬಸ್ಸಿಗೆ ಜಾಗವಿಲ್ಲ, ಜುಮಾಗೆ ಬರುವ ಊರವರದೇ ಅಂಗಳ. ಜುಲೈ, ಆಗಸ್ಟಿನಲ್ಲಿ ಫೋನ್ ಮಾಡಿದವರಿಗೆ ನಾವೇ ಬೇಡ ಅನ್ನುತ್ತೇವೆ: ಕಾವೇರಿ ಉಕ್ಕಿದರೆ ನಾಪೋಕ್ಲು ಸುತ್ತಿನ ರಸ್ತೆ ನೀರಿನಡಿ, ಬಸ್ಸು ಹಿಂದೆ ತಿರುಗಿಸಲೂ ಜಾಗ ಸಿಗುವುದಿಲ್ಲ.