ಲಾಂಗ್ ರೈಡ್ ಮುಗಿದ ಮೇಲೆ ಅದನ್ನ ಹಿಂತಿರುಗಿ ನೋಡೋದು ಹೇಗೆ

ದೇಶದ ಈ ತುದಿಯಿಂದ ಆ ತುದಿಗೆ ಬೈಕಲ್ಲಿ ಹೋಗಿ ಬಂದೋರು ಸಾಮಾನ್ಯವಾಗಿ ಮೊದಲು ಮಾಡೋ ಕೆಲಸ ಬೈಕ್ ತೊಳೆಯೋದು, ಆಮೇಲೆ ಚೆನ್ನಾಗಿ ಬಂದಿರೋ ನಾಲ್ಕು ಫೋಟೋ ಎಲ್ಲರಿಗೂ ಕಳಿಸೋದು, ಯಾರಾದ್ರೂ ಹೇಗಿತ್ತು ಅಂತ ಕೇಳಿದ್ರೆ ಸಖತ್ತಾಗಿತ್ತು ಅನ್ನೋದು. ಅಲ್ಲಿಗೆ ಮುಗೀತು. ಇದು ನಿಜವಾಗ್ಲೂ ದೊಡ್ಡ ನಷ್ಟ ಅಂತ ನನಗನ್ಸತ್ತೆ, ಯಾಕಂದ್ರೆ ಅಷ್ಟು ಸಾವಿರ ಕಿಲೋಮೀಟರ್ ಓಡಿಸೋವಾಗ ನಮ್ಮ ಬೈಕ್ ಬಗ್ಗೆ, ನಮ್ಮ ಮೈ ಬಗ್ಗೆ, ಸುಸ್ತಾದಾಗ ನಾವು ತಗೊಳ್ಳೋ ತೀರ್ಮಾನಗಳ ಬಗ್ಗೆ ಗೊತ್ತಾಗೋ ವಿಷಯ ದಿನಾ ಆಫೀಸಿಗೆ ಓಡಿಸ್ಕೊಂಡು ಹೋದ್ರೆ ವರ್ಷಗಟ್ಟಲೆ ಆದ್ರೂ ಗೊತ್ತಾಗಲ್ಲ. ಆದ್ರೆ ಅದು ಬೇಗ ಜಾರಿಹೋಗತ್ತೆ. ಮರೆವಿನ ಬಗ್ಗೆ ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿಕೊಟ್ಟಿದ್ರು, ನಾವು ಅತಿ ಹೆಚ್ಚು ಮರೆಯೋದು ಶುರುವಿನಲ್ಲೇ, ಆಮೇಲೆ ಮರೆಯೋ ವೇಗ ನಿಧಾನ ಆಗತ್ತೆ ಅಂತ. ಹಾಗಾಗಿ ಕೆಳಗೆ ಹೇಳಿರೋದನ್ನ ವಾಪಸ್ ಬಂದ ಮೊದಲ ವಾರದಲ್ಲೇ ಮಾಡಿ, ಮುಂದಿನ ತಿಂಗಳು ನೋಡೋಣ ಅಂತ ಬಿಟ್ರೆ ಆಗಲ್ಲ.

ಬೈಕಿಂದ ಶುರು ಮಾಡಿ, ಅದೂ ತೊಳೆಯೋಕೆ ಮುಂಚೆ. ನಿಮ್ಮ ನೆನಪು ಬಣ್ಣ ಬಳಿಯತ್ತೆ, ಬೈಕ್ ಬಳಿಯಲ್ಲ. ಎಂಜಿನ್ ತಣ್ಣಗಾದ ಮೇಲೆ ಒಂದು ಟಾರ್ಚ್ ಹಿಡ್ಕೊಂಡು ಕೂತು ನೋಡಿ. ಎಲ್ಲಿ ಆಯಿಲ್ ಜಿನುಗ್ತಿದೆಯೋ ಅಲ್ಲಿ ಧೂಳು ಕಪ್ಪಗೆ, ಒದ್ದೆಯಾಗಿ ಮೆತ್ಕೊಂಡಿರತ್ತೆ, ಪಕ್ಕದಲ್ಲಿ ಒಣ ಧೂಳು ಇರತ್ತೆ, ಆ ಕಪ್ಪು ಗೆರೆನ ಮೇಲಕ್ಕೆ ಹುಡುಕ್ಕೊಂಡು ಹೋದ್ರೆ ಯಾವ ಗ್ಯಾಸ್ಕೆಟ್, ಯಾವ ಬೋಲ್ಟ್ ಅಂತ ಅಲ್ಲೇ ಸಿಗತ್ತೆ. ನೀರು ಬಿಟ್ಟು ತೊಳೆದ್ರೆ ಆ ಸುಳಿವು ಹೋಯ್ತು. ಮುಂದಿನ ಫೋರ್ಕಿನ ಹೊಳೆಯೋ ಪೈಪ್ ಮೇಲೆ ಎಣ್ಣೆಯ ಉಂಗುರ ಕಂಡ್ರೆ ಸೀಲ್ ಹೋಗ್ತಿದೆ ಅಂತ. ಟೈರ್ ನೋಡಿ, ನಡುಭಾಗ ಚಪ್ಪಟೆ ಆಗಿ ಎರಡೂ ಅಂಚು ಹೊಸದರ ಹಾಗೇ ಇದ್ರೆ ನೀವು ಲಗೇಜ್ ಹೊತ್ಕೊಂಡು ನೇರ ಹೈವೇನಲ್ಲೇ ಜಾಸ್ತಿ ಓಡಿಸಿದ್ದೀರಿ, ಇನ್ಮೇಲೆ ತಿರುವಿನಲ್ಲಿ ಬೈಕ್ ಬಗ್ಗೋವಾಗ ಸ್ವಲ್ಪ ಬೇರೆ ಥರ ಅನ್ಸತ್ತೆ, ಅದಕ್ಕೆ ಕಾರಣ ಇದೇ. ಹಿಂದಿನ ಚಕ್ರದ ಪಕ್ಕ ಚೈನ್ ಕೂರೋ ಹಲ್ಲಿನ ಗಾಲಿ, ಅಂದ್ರೆ ಸ್ಪ್ರಾಕೆಟ್‌ನಲ್ಲಿ ಚೈನನ್ನ ಬೆರಳಲ್ಲಿ ಹಿಂದಕ್ಕೆ ಎಳೆದು ನೋಡಿ, ಹಲ್ಲಿನ ಅರ್ಧ ಭಾಗ ಕಾಣೋಷ್ಟು ಮೇಲೆ ಎದ್ರೆ ಚೈನ್ ಮುಗೀತು ಅಂತಾನೇ ಲೆಕ್ಕ. ಚಕ್ರ ನಿಧಾನಕ್ಕೆ ತಿರುಗಿಸ್ತಾ ಹೋದ್ರೆ ಕೆಲವು ಕಡೆ ಬಿಗಿ, ಕೆಲವು ಕಡೆ ಸಡಿಲ ಇದ್ರೂ ಅದೇ ಅರ್ಥ. ಕ್ಯಾರಿಯರ್, ಮಡ್‌ಗಾರ್ಡ್, ನಂಬರ್ ಪ್ಲೇಟ್, ಸೈಲೆನ್ಸರ್ ಬೋಲ್ಟ್ ಎಲ್ಲ ಕೈಯಲ್ಲಿ ಅಲ್ಲಾಡಿಸಿ, ಯಾವುದು ಸಡಿಲ ಆಗಿದೆಯೋ ಅದನ್ನ ಬರ್ಕೊಳ್ಳಿ, ಅದೇ ಬೋಲ್ಟ್ ಮುಂದಿನ ಸಲಾನೂ ಸಡಿಲ ಆಗೋದು. ಎಲ್ಲದರದ್ದೂ ಫೋಟೋ ತೆಗೆದಿಟ್ಕೊಂಡ ಮೇಲೆ ಧಾರಾಳವಾಗಿ ತೊಳೀರಿ.

ಬ್ಯಾಗ್ ವಿಷಯ ಸುಲಭ. ಪೂರ್ತಿ ನೆಲದ ಮೇಲೆ ಸುರುವಿ, ದಿನಾ ಬಳಸಿದ್ದು ಒಂದ್ಕಡೆ, ಒಂದೆರಡು ಸಲ ಬಳಸಿದ್ದು ಒಂದ್ಕಡೆ, ಮುಟ್ಟೇ ಇಲ್ಲದ್ದು ಒಂದ್ಕಡೆ ಇಡಿ. ಮುಟ್ಟದೇ ಇರೋದ್ರಲ್ಲಿ ಪಂಕ್ಚರ್ ಕಿಟ್, ಫಸ್ಟ್ ಏಡ್, ಸ್ಪೇರ್ ಕ್ಲಚ್ ಕೇಬಲ್ ಥರದ್ದನ್ನ ಬಿಟ್ಟು ಮಿಕ್ಕಿದ್ದೆಲ್ಲ ಮುಂದಿನ ಸಲ ಮನೇಲೇ ಇರ್ಲಿ.

ಈಗ ಬರೆಯೋ ಕೆಲಸ. ಇಲ್ಲಿ ಬಹಳ ಜನ ಎಡವೋದು ಎಲ್ಲಿ ಅಂದ್ರೆ ಮೊದಲ ದಿನದಿಂದ ಶುರು ಮಾಡ್ತಾರೆ, ಹೊರಟ ಬೆಳಗ್ಗೆ ಬಗ್ಗೆ ಎರಡು ಪುಟ ಬರೀತಾರೆ, ಮೂರನೇ ದಿನಕ್ಕೆ ಬರೋಷ್ಟರಲ್ಲಿ ಬೇಜಾರಾಗಿ ನಿಲ್ಲಿಸ್ತಾರೆ. ನೀವು ಮಧ್ಯದಿಂದ ಶುರು ಮಾಡಿ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್ ಮತ್ತೆ ಅವರ ಜೊತೆ ಕೆಲಸ ಮಾಡಿದೋರು 1990ರ ದಶಕದಲ್ಲಿ ತೋರಿಸಿದ ಒಂದು ವಿಷಯ ಇದೆ, ಯಾವುದೇ ಅನುಭವನ ನಾವು ಆಮೇಲೆ ತೂಗೋವಾಗ ಅದರ ಅತಿ ತೀವ್ರವಾದ ಕ್ಷಣ ಮತ್ತೆ ಕೊನೆ ಭಾಗ ಇವೆರಡೇ ಜಾಸ್ತಿ ಲೆಕ್ಕಕ್ಕೆ ಬರೋದು, ಎಷ್ಟು ಹೊತ್ತು ನಡೀತು ಅನ್ನೋದು ಅಷ್ಟಾಗಿ ಬರಲ್ಲ. ರೈಡಿಗೆ ಇದು ಹಾಗೇ ಅನ್ವಯ ಆಗತ್ತೆ. ಕೊನೇ ದಿನ ಪೂರ್ತಿ ಮಳೇಲಿ ನೆನೆದು ಬಂದೋರಿಗೆ ಇಡೀ ಟ್ರಿಪ್ಪೇ ಕಷ್ಟ ಅನ್ಸತ್ತೆ, ಕೊನೇ ದಿನ ಒಳ್ಳೇ ರೋಡ್ ಸಿಕ್ಕೋರಿಗೆ ಮಧ್ಯದಲ್ಲಿ ಬಿಸಿಲಲ್ಲಿ ಬೆಂದಿದ್ದು ನೆನಪೇ ಇರಲ್ಲ. ಏನೂ ಆಗದ ದಿನ ಅಂತ ಅನ್ಸೋ ಮಧ್ಯದ ದಿನಗಳೇ ಮೊದಲು ಅಳಿಸಿಹೋಗೋದು, ಸವಾರಿಯ ಬಹುಪಾಲು ಇರೋದೂ ಅದರಲ್ಲೇ, ಅದಕ್ಕೇ ಅವನ್ನ ಮೊದಲು ಹಿಡೀರಿ.

ನೆನಪಾಗ್ತಿಲ್ಲ ಅಂದ್ರೆ ಆಧಾರ ಇಟ್ಕೊಳ್ಳಿ. ಪೆಟ್ರೋಲ್ ಬಿಲ್‌ಗಳನ್ನ ಟೈಮ್ ಪ್ರಕಾರ ಜೋಡಿಸಿ. ಫೋನಿನ ಒರಿಜಿನಲ್ ಫೋಟೋಗಳಲ್ಲಿ ಟೈಮ್ ಇರತ್ತೆ, ಲೊಕೇಶನ್ ಆನ್ ಇಟ್ಟಿದ್ರೆ ಜಾಗಾನೂ ಇರತ್ತೆ (ಮೆಸೇಜಿಂಗ್ ಆ್ಯಪಲ್ಲಿ ಕಳಿಸಿದ ಕಾಪಿಗಳಲ್ಲಿ ಇದು ಸಾಮಾನ್ಯವಾಗಿ ಉಳಿದಿರಲ್ಲ, ಅದಕ್ಕೆ ಒರಿಜಿನಲ್ ಡಿಲೀಟ್ ಮಾಡ್ಬೇಡಿ). ಎಲ್ಲಿ ಎರಡು ಗಂಟೆ ಒಂದೂ ಫೋಟೋ ಇಲ್ವೋ ಅಲ್ಲಿ ನಿಂತು ಯೋಚನೆ ಮಾಡಿ, ಆಗ ಏನಾಗ್ತಿತ್ತು? ಫೋಟೋ ಇಲ್ಲ ಅಂದ್ರೆ ಒಂದೋ ರೋಡ್ ಕೆಟ್ಟದಾಗಿತ್ತು, ಇಲ್ಲ ನಿಮಗೆ ಸುಸ್ತಾಗಿತ್ತು, ಇಲ್ಲ ನಿಲ್ಲಿಸೋಕೇ ಮನಸ್ಸಾಗದಷ್ಟು ಓಡಿಸೋ ಖುಷಿ ಇತ್ತು, ಮೂರೂ ಬರೆಯೋಕೆ ಯೋಗ್ಯವೇ. ಫೋಟೋ ತೆಗೆದಿದ್ದೀವಲ್ಲ ಅಂತ ನೆನಪನ್ನ ಪೂರ್ತಿ ಅದಕ್ಕೇ ಬಿಡೋದೂ ಒಳ್ಳೇದಲ್ಲ, ಲಿಂಡಾ ಹೆಂಕೆಲ್ ಅನ್ನೋ ಸಂಶೋಧಕಿ ಮ್ಯೂಸಿಯಂ ಒಂದ್ರಲ್ಲಿ ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದ್ರು, ಬರೀ ನೋಡಿದ ವಸ್ತುಗಳಿಗಿಂತ ಫೋಟೋ ತೆಗೆದ ವಸ್ತುಗಳು ಜನಕ್ಕೆ ಕಮ್ಮಿ ನೆನಪಿದ್ವು, ಆದ್ರೆ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆದಾಗ ಆ ನಷ್ಟ ಆಗ್ಲಿಲ್ಲ. ಅದಕ್ಕೆ ಒಂದೊಂದು ಫೋಟೋ ನೋಡೋವಾಗ ಫ್ರೇಮಿನ ಆಚೆ ಏನಿತ್ತು ಅಂತ ಕೇಳ್ಕೊಳ್ಳಿ. ಗಾಳಿ ಯಾವ ಕಡೆಯಿಂದ ಬೀಸ್ತಿತ್ತು, ಕೈ ಜೋಮು ಹಿಡಿದಿತ್ತಾ, ಹೆಲ್ಮೆಟ್ ಒಳಗೆ ಏನು ಗುನುಗ್ತಿದ್ರಿ.

ಈ ವಿಷಯದಲ್ಲಿ ನನಗೆ ತುಂಬಾ ಗೌರವ ಇರೋದು ಜಾರ್ಜ್ ವೈಮನ್ ಮೇಲೆ. 1903ರ ಮೇ 16ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಜುಲೈ 6ಕ್ಕೆ ನ್ಯೂಯಾರ್ಕ್ ಮುಟ್ಟಿದ್ರು, ಅಮೆರಿಕಾನ ಮೋಟಾರ್ ಗಾಡಿಯಲ್ಲಿ ಅಡ್ಡಡ್ಡ ದಾಟಿದವರಲ್ಲಿ ಅವರೇ ಮೊದಲು, ಕಾರಿಗಿಂತ ಮುಂಚೆ. ಬೈಕ್ ಅಂದ್ರೆ ಸೈಕಲ್‌ಗೆ ಒಂದೂಕಾಲು ಹಾರ್ಸ್‌ಪವರ್ ಎಂಜಿನ್ ಕೂರಿಸಿ ಚರ್ಮದ ಬೆಲ್ಟ್ ಹಾಕಿದ ಗಾಡಿ. ರೋಡ್ ಇಲ್ಲದ ಕಡೆ ರೈಲು ಹಳಿ ಮಧ್ಯದ ಸ್ಲೀಪರ್‌ಗಳ ಮೇಲೆ ಕುಲುಕಿಸ್ಕೊಂಡು ಓಡಿಸಿದ್ರು, ಕೊನೆಗೆ ಎಂಜಿನ್ ಕೈಕೊಟ್ಟು ಪೆಡಲ್ ತುಳ್ಕೊಂಡೇ ಊರು ಸೇರಿದ್ರು. ಇದೆಲ್ಲ ನಮಗೆ ಗೊತ್ತಿರೋದು ಅವರು ದಾರಿಯ ಡೈರಿ ಬರೆದು ಪತ್ರಿಕೆಯಲ್ಲಿ ಪ್ರಕಟಿಸಿದ್ರಿಂದ. ಕೆಸರು, ಮುರಿದ ಪಾರ್ಟು, ರಿಪೇರಿ ಇಂಥದ್ದನ್ನೇ ಬರೆದ್ರೂ ನೂರಿಪ್ಪತ್ತು ವರ್ಷ ಆದ್ಮೇಲೂ ಓದೋವಾಗ ಮೈ ಜುಮ್ಮನ್ನತ್ತೆ. ನೀವೂ ಹಾಗೇ ಬರೀರಿ, ಸಾಹಿತ್ಯ ಬೇಡ.

ಇನ್ನು ತುಂಬಾ ಮುಖ್ಯವಾದದ್ದು, ಸ್ವಲ್ಪದರಲ್ಲಿ ತಪ್ಪಿದ ಘಟನೆಗಳು. ಓವರ್‌ಟೇಕ್ ಮಾಡೋವಾಗ ಎದುರಿಂದ ಬಂದ ಲಾರಿ, ಜಲ್ಲಿ ಮೇಲೆ ಜಾರಿದ ಹಿಂದಿನ ಚಕ್ರ, ಕಣ್ಣು ಒಂದು ಕ್ಷಣ ಮುಚ್ಚಿಹೋಗಿದ್ದು. ಇವನ್ನ ನಾವು ಬಂದ ಮೇಲೆ ಕಥೆ ಮಾಡಿ ಹೇಳ್ತೀವಿ, ಕಥೆ ಆದ ತಕ್ಷಣ ಅದರ ಪಾಠ ಹೋಗತ್ತೆ, ಅದಕ್ಕೆ ಯಾರಿಗೂ ಹೇಳೋಕೆ ಮುಂಚೆ ಒಂದು ಹಾಳೇಲಿ ಪ್ರತಿಯೊಂದರ ಮುಂದೆ ಇಷ್ಟು ಬರೀರಿ: ಟೈಮ್ ಎಷ್ಟು, ಆವತ್ತು ಅಷ್ಟೊತ್ತಿಗೆ ಎಷ್ಟು ಗಂಟೆ ಸೀಟ್ ಮೇಲಿದ್ರಿ, ಕೊನೇ ಸಲ ನೀರು ಕುಡಿದು ಎಷ್ಟೊತ್ತಾಗಿತ್ತು, ಮನಸ್ಸಲ್ಲಿ ಏನು ಓಡ್ತಿತ್ತು. ಎಲ್ಲ ಒಂದೇ ಹಾಳೇಲಿ ಬಂದಾಗ ನಿಮ್ಮದೇ ಆದ ಒಂದು ಜಾಡು ಕಾಣತ್ತೆ. ಕೆಲವರಿಗೆ ಎಲ್ಲವೂ ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ ಬೀಳತ್ತೆ, ಆ ಹೊತ್ತಲ್ಲಿ ಮೈಯ ಒಳಗಿನ ಗಡಿಯಾರವೇ ಎಚ್ಚರ ತಗ್ಗಿಸತ್ತೆ, ಊಟ ಮಾಡಿರ್ಲಿ ಬಿಡ್ಲಿ. ಕೆಲವರಿಗೆ ಕತ್ತಲಾಗೋ ಮುಂಚೆ ತಲುಪಿಬಿಡೋಣ ಅನ್ನೋ ಕೊನೇ ಐವತ್ತು ಕಿಲೋಮೀಟರ್‌ನಲ್ಲಿ ಬೀಳತ್ತೆ. ನಿಮ್ಮದು ಯಾವುದು ಅಂತ ಗೊತ್ತಾದ್ರೆ ಮುಂದಿನ ರೈಡಿನ ಪ್ಲಾನನ್ನ ಅದರ ಸುತ್ತಾನೇ ಕಟ್ಟಬಹುದು. ಈ ಒಂದು ಹಾಳೆ ನಿಮ್ಮ ಜೀವ ಉಳಿಸ್ಬಹುದು, ಇದನ್ನ ದಯವಿಟ್ಟು ಬಿಡ್ಬೇಡಿ.

ಮೈಲೇಜ್ ಲೆಕ್ಕಾನೂ ಇದರ ಜೊತೆಗೇ ಮಾಡಿ. ಟ್ಯಾಂಕ್ ಫುಲ್‌ನಿಂದ ಫುಲ್‌ಗೆ ಎಷ್ಟು ಲೀಟರ್, ಎಷ್ಟು ಕಿಲೋಮೀಟರ್, ಅಷ್ಟೇ. ಯಾವ ದಿನ ಧಡಕ್ಕಂತ ಇಳಿದಿದೆಯೋ ಆವತ್ತಿನ ಸ್ಪೀಡ್ ನೆನಪು ಮಾಡ್ಕೊಳ್ಳಿ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರತ್ತೆ, ಅದನ್ನ ಮೀರೋಕೆ ಬೇಕಾದ ಶಕ್ತಿ ಘನದ ಲೆಕ್ಕದಲ್ಲಿ ಏರತ್ತೆ, ಅಂದ್ರೆ ಗಂಟೆಗೆ 80 ಬಿಟ್ಟು 100ರಲ್ಲಿ ಹೋದ್ರೆ ಗಾಳಿ ಸೀಳೋದಕ್ಕೆ ಹತ್ರತ್ರ ಎರಡು ಪಟ್ಟು ಶಕ್ತಿ ಬೇಕು. ಸಂಜೆ ಕುತ್ತಿಗೆ ನೋವು, ಕಿವಿ ಗುಂಯ್ ಅನ್ನೋದು ಜಾಸ್ತಿ ಇದ್ದ ದಿನಾನೂ ಬಹುಶಃ ಅದೇ ಆಗಿರತ್ತೆ. ಅಷ್ಟೆಲ್ಲ ಮಾಡಿ ಎಷ್ಟು ಬೇಗ ತಲುಪಿದ್ರಿ ಅಂತಾನೂ ಪಕ್ಕದಲ್ಲಿ ಬರೀರಿ.

ಜೊತೆಗೆ ಇನ್ನೊಬ್ರು ಇದ್ರೆ, ಒಟ್ಟಿಗೆ ಕೂತು ಮಾತಾಡೋಕೆ ಮುಂಚೆ ಇಬ್ಬರೂ ಬೇರೆ ಬೇರೆ ಬರೀರಿ. ಒಬ್ಬರು ಗಟ್ಟಿಯಾಗಿ ಹೇಳಿದ್ರೆ ಇನ್ನೊಬ್ಬರ ನೆನಪೂ ಅದೇ ಕಡೆ ವಾಲಿಬಿಡತ್ತೆ, ಸಾಕ್ಷಿಗಳ ಮೇಲೆ ನಡೆದ ಪ್ರಯೋಗಗಳಲ್ಲೂ ಇದು ಕಂಡಿದೆ. ಆಮೇಲೆ ಎರಡೂ ಓದಿ. ಒಂದೇ ಘಾಟಿ, ಒಂದೇ ಮಳೆ, ಮುಂದೆ ಹೋಗ್ತಿದ್ದೋರು ಆರಾಮಾಗಿತ್ತು ಅಂತ ಬರೆದಿರ್ತಾರೆ, ಹಿಂದೆ ಬರ್ತಿದ್ದೋರು ಅವರ ಸ್ಪೀಡಿಗೆ ಹೊಂದಿಸ್ಕೊಳ್ಳೋಕೆ ಭಯಪಟ್ಕೊಂಡು ಓಡಿಸಿದೆ ಅಂತ ಬರೆದಿರ್ತಾರೆ. ದಾರಿಯಲ್ಲಿ ಹೇಳೋಕೆ ಆಗದ್ದು ಹಾಳೆ ಮೇಲೆ ಬರತ್ತೆ. ಅದನ್ನ ಓದಿ ವಾದಕ್ಕೆ ಇಳೀಬೇಡಿ, ಮುಂದೆ ಯಾರು ಹೋಗ್ಬೇಕು, ಎಷ್ಟು ಹೊತ್ತಿಗೊಮ್ಮೆ ನಿಲ್ಲಿಸ್ಬೇಕು ಅಂತ ಅಲ್ಲೇ ಮಾತಾಡಿ ಮುಗಿಸಿ.

ಇನ್ನೊಂದು, ಬಂದ ಒಂದೆರಡು ವಾರಕ್ಕೆ ಒಂಥರಾ ಖಾಲಿ ಖಾಲಿ ಅನ್ಸೋದು ತುಂಬಾ ಜನಕ್ಕೆ ಆಗತ್ತೆ. ದಾರಿಯಲ್ಲಿ ಎದ್ದ ತಕ್ಷಣ ಇವತ್ತು ಏನ್ ಮಾಡ್ಬೇಕು ಅಂತ ಸ್ಪಷ್ಟವಾಗಿ ಗೊತ್ತಿರ್ತಿತ್ತು, ಇಲ್ಲಿ ಬಂದ್ರೆ ಹತ್ತು ಕೆಲಸ ಹತ್ತು ಕಡೆ ಎಳೀತವೆ. ಕೆಲಸ ಬಿಟ್ಬಿಡ್ಲಾ, ದೊಡ್ಡ ಬೈಕ್ ತಗೊಂಡ್ಬಿಡ್ಲಾ ಅನ್ನೋ ಯೋಚನೆ ಬರೋದು ಈ ಹೊತ್ತಲ್ಲೇ. ಬಂದಿದ್ದನ್ನ ಬರೆದಿಡಿ, ತೀರ್ಮಾನ ಮಾತ್ರ ಎರಡು ತಿಂಗಳು ಮುಂದಕ್ಕೆ ಹಾಕಿ, ಆಗಲೂ ಅಷ್ಟೇ ಬಲವಾಗಿ ಅನ್ಸಿದ್ರೆ ಆಗ ಕೂತು ಯೋಚನೆ ಮಾಡಿ.

ಕೊನೆಗೆ ಇದಿಷ್ಟರಿಂದಲೂ ಒಂದೇ ಒಂದು ಪುಟ ಇಳಿಸ್ಕೊಳ್ಳಿ. ದಿನಕ್ಕೆ ಎಷ್ಟು ಗಂಟೆ ಆದ್ಮೇಲೆ ನಿಮ್ಮ ಓಡಿಸೋ ರೀತಿ ಕೆಡತ್ತೆ, ಲಗೇಜ್ ಇದ್ದಾಗ ಯಾವ ಟೈರ್ ಪ್ರೆಶರ್ ಸರಿ ಹೋಯ್ತು, ಚೈನ್ ಎಷ್ಟು ಕಿಲೋಮೀಟರಿಗೊಮ್ಮೆ ಸಡಿಲ ಆಯ್ತು, ಸಡಿಲ ಆಗೋ ಆ ಬೋಲ್ಟ್ ಯಾವುದು, ಮನೇಲಿ ಬಿಟ್ಟು ಹೋಗ್ಬೇಕಾದ್ದು ಏನು. ಆ ಪುಟದ ಫೋಟೋ ಫೋನಲ್ಲಿರ್ಲಿ, ಕಾಗದ ಮಡಚಿ ಬೈಕಿನ ಟೂಲ್ ಕಿಟ್ ಒಳಗೆ ಹಾಕಿ, ಇನ್ನೊಂದು ಕಾಪಿ ಸರ್ವಿಸಿಗೆ ಬಿಡೋವಾಗ ಮೆಕ್ಯಾನಿಕ್ ಕೈಗೆ ಕೊಡಿ.